ಬೆಳೆ ಕೊಡದ ಮಣ್ಣು ಬಳೆ ಕೊಟ್ಟ ಬಗೆ

ಬೆಂಗಳೂರಿನ ಕುಕ್ ಟೌನಿನಲ್ಲಿ ಮನೆ ಕಟ್ಟಲು ಪಾಯ ತೋಡಿದರೆ ಸಿಗುವುದು ಕೆಂಪು ಮಣ್ಣು. ಬ್ರಿಟಿಷ್ ಅಧಿಕಾರಿಯೊಬ್ಬರ ಹೆಸರು ಹೊತ್ತ ಈ ಬಡಾವಣೆಗೆ ಮುಂದೆ ಸರ್ವಜ್ಞನಗರ ಎಂದು ಹೊಸ ಹೆಸರು ಬಂದರೂ ಜನರ ಬಾಯಲ್ಲಿ ಹಳೆಯದೇ ಉಳಿಯಿತು. ಕವಿ ಸರ್ವಜ್ಞನಿಗೆ ಕುಂಬಾರರ ಮನೆಯ ನಂಟಿತ್ತೆಂದು ಪ್ರತೀತಿ. ಮಣ್ಣಿನ ಮಾತು ತೆಗೆಯಲು ಅದೂ ಒಂದು ನೆಪವೇ ಸರಿ.

ಈ ಕೆಂಪು ಮಣ್ಣಿನ ಅಡಿಯಲ್ಲಿರುವುದು ದಕ್ಷಿಣ ಕರ್ನಾಟಕದ ಬಹುಭಾಗಕ್ಕೆ ತಳಹದಿಯಾಗಿರುವ ನೈಸ್ ಶಿಲೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಈ ಕಲ್ಲು ಮಳೆ ಬಿಸಿಲಿಗೆ ಕೊಳೆತು ಮಣ್ಣಾಗುವಾಗ ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಒಡೆಯುತ್ತದೆ. ಅದರೊಳಗಿನ ಸೋಡಿಯಂ ಮತ್ತು ಸುಣ್ಣದ ಅಂಶಗಳು ನೀರಿಗೆ ಸೇರುತ್ತವೆ. ಕಬ್ಬಿಣ ಮಾತ್ರ ತುಕ್ಕು ಹಿಡಿದು ಅಲ್ಲೇ ನಿಲ್ಲುತ್ತದೆ. ಮಣ್ಣಿನ ಕೆಂಪು ಬಣ್ಣ ಆ ತುಕ್ಕಿನದು. ದಿಣ್ಣೆಯ ಮೇಲಿನ ಕೆಂಪು ಮಣ್ಣು, ಹೀಗೆ ನೋಡಿದರೆ, ತೊಳೆದು ಉಳಿದ ಮಣ್ಣು.

ತೊಳೆದುಹೋದದ್ದು ಎಲ್ಲಿಗೆ ಹೋಯಿತು? ತಗ್ಗಿಗೆ. ವರ್ಷಕ್ಕೆ 900 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಬೆಂಗಳೂರಿನಲ್ಲಿ ಅದರ ಬಹುಪಾಲು ಕಾಲುವೆ ಹಿಡಿದು, ಕೆರೆ ದಾಟಿ, ಹೊಳೆ ಸೇರುತ್ತದೆ. ಕೋಲಾರ, ತುಮಕೂರಿನ ಮಧುಗಿರಿ–ಪಾವಗಡ, ಚಿತ್ರದುರ್ಗದ ಹಿರಿಯೂರು–ಚಳ್ಳಕೆರೆಯ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಚಳ್ಳಕೆರೆಯಲ್ಲಿ ಅದು 500 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಲ್ಲಿನ ಹಳ್ಳಗಳಲ್ಲಿ ನೀರು ಕಾಣುವುದು ವರ್ಷದಲ್ಲಿ ಕೆಲವೇ ದಿನ. ದಿಣ್ಣೆಯಿಂದ ಬಸಿದು ಬಂದ ನೀರು ಹೊಳೆಯವರೆಗೆ ಹೋಗಲಾರದೆ ಹಳ್ಳದ ದಂಡೆಯಲ್ಲೇ ನಿಂತು ಆರುತ್ತದೆ. ಆರಿದಲ್ಲಿ ಉಳಿಯುವುದೇ ಚೌಳು.

ಹಳ್ಳದ ದಂಡೆ ಎಂದರೆ ನೀರಿನಂಚಿನ ಮರಳಲ್ಲ. ಹಳ್ಳ ಕಾಲಕಾಲಕ್ಕೆ ತನ್ನ ಪಾತ್ರವನ್ನು ಆಳಕ್ಕೆ ಕೊರೆದುಕೊಂಡಾಗ ಅದರ ಹಳೆಯ ನೆಲ ಇಕ್ಕೆಲದಲ್ಲೂ ಜಗಲಿಯಂತೆ ಮೇಲೆ ಉಳಿಯುತ್ತದೆ. ಒಂದು ಕಾಲದ ಪ್ರವಾಹ ತಂದು ಹಾಸಿದ ನಯವಾದ ಜೇಡಿಯೇ ಈ ಜಗಲಿಯ ಮಣ್ಣು. ಈಗ ಪ್ರವಾಹ ಅಷ್ಟೆತ್ತರಕ್ಕೆ ಬಂದು ಅದನ್ನು ತೊಳೆಯುವುದಿಲ್ಲ. ಇಳಿಜಾರಿನಿಂದ ನೆಲದೊಳಗೆ ಬಸಿಯುವ ನೀರು ಮಾತ್ರ ಬಂದು ಸೇರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಆ ನೀರು ಜೇಡಿಯ ಮೂಲಕ ಮೇಲೇರಿ ಆವಿಯಾಗುತ್ತದೆ. ಆಗ ಮೊದಲು ಗಟ್ಟಿಯಾಗುವುದು ಸುಣ್ಣ. ಇಂಥ ನೆಲವನ್ನು ಅಗೆದಾಗ ಸಿಗುವ ಗಂಟುಗಂಟಾದ ಸುಣ್ಣದ ಹರಳುಗಳು ಅದರ ಸಾಕ್ಷಿ. ಸುಣ್ಣ ಬೇರೆಯಾದ ಮೇಲೆ ನೀರಿನಲ್ಲಿ ಉಳಿಯುವುದು ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅದು ಕೊನೆಗೆ ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಅರಳುತ್ತದೆ.

ಕನ್ನಡದ ರೈತರು ಇದನ್ನು ಚೌಳು, ಸೌಳು, ಸವಳು, ಕರ್ಲು ಎಂದೆಲ್ಲ ಕರೆದಿದ್ದಾರೆ. ಊರಿಂದೂರಿಗೆ ಅರ್ಥ ಸ್ವಲ್ಪ ಬದಲಾಗುವುದೂ ಉಂಟು. ವಿಜ್ಞಾನಿಗಳಿಗೆ ಮಾತ್ರ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಅಡುಗೆ ಉಪ್ಪಿನಂಥ ಲವಣಗಳು ತುಂಬಿದ ಮಣ್ಣು ಒಂದು. ಲವಣ ಹೆಚ್ಚಿಲ್ಲದಿದ್ದರೂ ಸೋಡಿಯಂ ಜೇಡಿಕಣಗಳಿಗೇ ಅಂಟಿ ಕೂತ ಮಣ್ಣು ಇನ್ನೊಂದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲವಣ ಸಂಶೋಧನಾಲಯ 1954ರಲ್ಲಿ ಹೊರತಂದ ಕೈಪಿಡಿ ಈ ಎರಡನೆಯದಕ್ಕೆ ಗೆರೆ ಎಳೆಯಿತು: ಜೇಡಿ ಹಿಡಿದಿಟ್ಟುಕೊಂಡ ಧಾತುಗಳಲ್ಲಿ ಸೋಡಿಯಂ ಶೇಕಡ 15ಕ್ಕಿಂತ ಹೆಚ್ಚಿದ್ದು, ಕ್ಷಾರತೆ ಅಳೆಯುವ ಪಿಎಚ್ 8.5ನ್ನು ಮೀರಿದ್ದರೆ ಅದು ಸೋಡಿಯಂ ಮಣ್ಣು. ಈ ಬರಹದಲ್ಲಿ ಚೌಳು ಎಂದರೆ ಅದೇ.

ಗುರುತಿಸಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ ಒಂದಕ್ಕೆ ಕುಕ್ ಟೌನಿನ ಕೆಂಪು ಮಣ್ಣಿನ ಒಣ ಹೆಂಟೆ, ಇನ್ನೊಂದಕ್ಕೆ ಚೌಳಿನ ಹೆಂಟೆ ಹಾಕಿ ಅಲುಗಾಡಿಸದೆ ಬಿಡಬೇಕು. ಕೆಂಪು ಹೆಂಟೆ ಉದುರಿ ಪುಡಿಯಾದರೂ ತಳದಲ್ಲಿ ಕೂರುತ್ತದೆ, ಮೇಲಿನ ನೀರು ತಿಳಿಯಾಗಿ ಉಳಿಯುತ್ತದೆ. ಚೌಳಿನ ಹೆಂಟೆಯ ಸುತ್ತ ಹಾಲಿನಂಥ ಮೋಡ ಏಳುತ್ತದೆ. ಅದು ಹರಡುತ್ತ ಹೋಗಿ ಇಡೀ ಲೋಟ ಬಗ್ಗಡವಾಗುತ್ತದೆ. ಗಂಟೆಗಟ್ಟಲೆ ಕಾದರೂ ತಿಳಿಯಾಗದು. ಆಸ್ಟ್ರೇಲಿಯಾದ ಎಮರ್ಸನ್ 1967ರಲ್ಲಿ ಶಾಸ್ತ್ರೀಯವಾಗಿ ರೂಪಿಸಿದ ಪರೀಕ್ಷೆಯ ತಿರುಳು ಇಷ್ಟೇ.

ಮೋಡ ಏಳಲು ಕಾರಣ ಜೇಡಿಕಣಗಳ ಜಗಳ. ಈ ಕಣಗಳು ತೆಳ್ಳನೆಯ ಹಾಳೆಗಳಂತಿದ್ದು ಎಲ್ಲವೂ ಋಣ ವಿದ್ಯುದಂಶ ಹೊತ್ತಿರುತ್ತವೆ. ಸಹಜವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ಕ್ಯಾಲ್ಸಿಯಂ ಇದ್ದರೆ ಅದು ಎರಡೂ ಕಡೆಯವರ ಕೈಹಿಡಿದು ಅವನ್ನು ಗುಂಪಾಗಿ ನಿಲ್ಲಿಸುತ್ತದೆ. ಗುಂಪುಗಳ ನಡುವೆ ಸಂದುಗಳಿರುತ್ತವೆ, ಆ ಸಂದುಗಳಲ್ಲಿ ನೀರೂ ಗಾಳಿಯೂ ಬೇರೂ ಓಡಾಡುತ್ತವೆ. ಸೋಡಿಯಂಗೆ ಆ ಬಲವಿಲ್ಲ. ಅದರ ಸುತ್ತ ನೀರು ದಪ್ಪಗೆ ಕವಿದಿರುವುದರಿಂದ ಕಣಗಳ ಹತ್ತಿರಕ್ಕೆ ಬಂದು ಹಿಡಿಯಲಾರದು. ಮಳೆ ಬಿದ್ದ ಕೂಡಲೇ ಗುಂಪು ಒಡೆದು ಕಣಗಳು ಚೆದುರುತ್ತವೆ, ಚೆದುರಿದವು ಇದ್ದಬದ್ದ ಸಂದುಗಳಲ್ಲಿ ಹೋಗಿ ತುಂಬಿಕೊಳ್ಳುತ್ತವೆ. ನೆಲದ ಬಾಯಿ ಮುಚ್ಚಿಹೋಗುತ್ತದೆ.

ರೈತನಿಗೆ ಆಗುವ ಅನ್ಯಾಯವೆಲ್ಲ ಇದರಿಂದಲೇ. ಮೇಲೆ ನೀರು ನಿಂತಿದ್ದರೂ ಒಂದು ಗೇಣು ಕೆಳಗೆ ಮಣ್ಣು ಒಣಗಿರುತ್ತದೆ. ಒದ್ದೆಯಾದಾಗ ಎತ್ತಿನ ಗೊರಸು ಜಾರುವಷ್ಟು ಜಿಡ್ಡು, ಒಣಗಿದಾಗ ನೇಗಿಲು ಎಗರುವಷ್ಟು ಬಿಗಿ. ಉಳಲು ಹದ ಸಿಗುವುದು ಒಂದೆರಡು ದಿನ ಮಾತ್ರ. ಬೀಜ ಮೊಳೆತರೂ ಮೇಲಿನ ಹೆಪ್ಪನ್ನು ಒಡೆದು ಬರಲಾರದೆ ಒಳಗೇ ಸಾಯುತ್ತದೆ. ಇನ್ನು ದಂಡೆಯ ಬದಿಯಲ್ಲಿ ಎಲ್ಲಾದರೂ ಬಿರುಕು ಬಿಟ್ಟಿತೋ, ಅದರೊಳಗೆ ಇಳಿದ ಮಳೆನೀರು ಚೆದುರಿದ ಜೇಡಿಯನ್ನು ಹೊತ್ತುಕೊಂಡು ನೆಲದೊಳಗೇ ಸುರಂಗ ಕೊರೆಯುತ್ತದೆ. ಒಂದು ದಿನ ಮೇಲ್ಭಾಗ ಕುಸಿದು ಕೊರಕಲಾಗುತ್ತದೆ.

ಇಂಥ ನೆಲ ಕಂದಾಯದ ಕಡತದಲ್ಲಿ ಸಾಮಾನ್ಯವಾಗಿ ಸೇರುವುದು ಖರಾಬು ಎಂಬ ಕಲಮಿಗೆ. ಬೆಳೆ ಇಲ್ಲ, ಆದ್ದರಿಂದ ಬೆಲೆ ಇಲ್ಲ. ಕಡತ ಬರೆದವರ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಊರಿನ ಲೆಕ್ಕ ಬೇರೆಯಿತ್ತು. ಹೊಲದಲ್ಲಿ ಪೀಡೆಯಾದ ಅದೇ ಗುಣವನ್ನು ಜನ ತಲೆಯ ಮೇಲೆ ಹೊತ್ತು ತಂದು ಮನೆಯ ಮೇಲೆ ಹಾಕಿಕೊಳ್ಳುತ್ತಿದ್ದರು.

ಚಿತ್ರದುರ್ಗ, ಬಳ್ಳಾರಿ, ರಾಯಚೂರು ಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಇದು ಗೊತ್ತು. ಚಪ್ಪಟೆ ಮಾಡು. ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪಿನ ಹಾಸು, ಅದರ ಮೇಲೆ ಗೇಣುದ್ದ ಮಣ್ಣು. ಎಲ್ಲಕ್ಕೂ ಮೇಲಿನ ಪದರ ಮಾತ್ರ ಎಂಥದೋ ಮಣ್ಣಲ್ಲ, ಹಳ್ಳದ ದಂಡೆಯಿಂದಲೇ ತಂದ ಚೌಳು. ಮುಂಗಾರಿನ ಮೊದಲ ಹನಿಗಳಿಗೆ ಆ ಪದರದ ಜೇಡಿ ಚೆದುರಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ದೋಣಿಯ ಮೂಲಕ ಹೊರಗೆ ಹರಿಯುತ್ತದೆ. ಮಾಳಿಗೆ ಸೋರಬಾರದೆಂದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಚೌಳು ಹರಡಿ ತುಳಿಯಬೇಕು, ಹುಲ್ಲು ಕಿತ್ತು ಬಿರುಕು ಮುಚ್ಚಬೇಕು. ಇದೇ ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಹುಟ್ಟದಿರುವುದೂ ಇಲ್ಲಿ ಒಂದು ಅನುಕೂಲವೇ. ಆಂಧ್ರದ ರಾಯಲಸೀಮೆಯಲ್ಲೂ ಮಿದ್ದೆ ಮನೆಗಳಿಗೆ ಚೌಡು ಎಂಬ ಇದೇ ಮಣ್ಣು. ನೀರು ಇಳಿಯದ ನೆಲ ಯಾವುದೆಂದು ತಿಳಿದವರೇ ನೀರು ಇಳಿಯಬಾರದ ಜಾಗಕ್ಕೆ ಅದನ್ನು ಆರಿಸಿದರು. ಸಿಮೆಂಟು ಬರುವ ಮುನ್ನ ಒಣಸೀಮೆಯ ಬಡವನ ಸೂರಿಗೆ ಇದಕ್ಕಿಂತ ಅಗ್ಗದ ರಕ್ಷೆ ಇರಲಿಲ್ಲ.

ಅಗಸರಿಗೆ ಬೇಕಾದದ್ದು ಜೇಡಿಯಲ್ಲ, ಅದರ ಮೇಲೆ ಅರಳಿದ ಬಿಳಿಪುಡಿ. ಸೋಡಾ ಬೆರೆತ ಬಿಸಿನೀರು ಬಟ್ಟೆಯ ಎಣ್ಣೆ ಜಿಡ್ಡನ್ನು ಸ್ವಲ್ಪಮಟ್ಟಿಗೆ ಸಾಬೂನಾಗಿಯೇ ಬದಲಿಸುತ್ತದೆ. ಜೊತೆಗೆ ಗಡಸು ನೀರಿನ ಸುಣ್ಣವನ್ನು ತಳಕ್ಕಿಳಿಸಿ ನೀರನ್ನು ಮೆದುವಾಗಿಸುತ್ತದೆ. ಬಟ್ಟೆಯನ್ನು ಚೌಳಿನ ನೀರಿನಲ್ಲಿ ಅದ್ದಿ, ಉಬ್ಬೆ ಹಾಕಿ, ಆವಿಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದರೆ ಕೊಳೆ ಬಿಟ್ಟುಹೋಗುತ್ತಿತ್ತು. 1809ರಲ್ಲಿ ಹಲಸೂರಿನ ಬಳಿ ದಂಡು ಬಂದು ನೆಲೆಸಿದಾಗ ಬೆಂಗಳೂರಿನಲ್ಲಿ ಒಗೆಯುವ ಬಟ್ಟೆಯ ರಾಶಿ ಒಮ್ಮೆಲೇ ಬೆಳೆಯಿತು. ಸಾಬೂನು ಅಗ್ಗವಾದದ್ದು ಅದೆಷ್ಟೋ ಕಾಲದ ನಂತರ. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಹೊರಬಂದದ್ದು 1918ರಲ್ಲಿ. ಅದೂ ಮೈಗೆ ಹಚ್ಚುವ ಸಾಬೂನು, ಉಬ್ಬೆಯದಲ್ಲ.

ಉಪ್ಪಾರರ ಕಥೆ ಇನ್ನೂ ಕಹಿಯಾದದ್ದು. ಬೆಂಗಳೂರಿನ ಮೆಜೆಸ್ಟಿಕ್ ಬಳಿ ಓಡಾಡುವವರಿಗೆಲ್ಲ ಉಪ್ಪಾರಪೇಟೆ ಪೊಲೀಸ್ ಠಾಣೆ ಗೊತ್ತು. ಹೆಸರಿನಲ್ಲಿರುವ ಉಪ್ಪು ಕಣ್ಣಿಗೆ ಬೀಳುವುದು ಕಡಿಮೆ. ಕಡಲಿನಿಂದ ದೂರದ ಒಳನಾಡಿಗೆ ಉಪ್ಪು ಮಾಡಿಕೊಟ್ಟವರು ಇವರು. ಉಪ್ಪು ಸೇರಿದ ಮಣ್ಣನ್ನು ಕೆರೆದು ತಂದು ಎತ್ತರದ ಕಟ್ಟೆಯ ಗುಂಡಿಗೆ ತುಂಬಿ ನೀರು ಹೊಯ್ಯುವುದು, ತಳದ ಹುಲ್ಲಿನ ಸೋಸಿನಿಂದ ಇಳಿದ ರಸವನ್ನು ಬಯಲ ಪಾತಿಗಳಲ್ಲಿ ಬಿಸಿಲಿಗೆ ಆರಿಸುವುದು, ಇದು ಅವರ ಕಸುಬು. ಯಾವ ಹಳ್ಳದ ದಂಡೆಯ ಮಣ್ಣು ಉಪ್ಪಿನದು, ಯಾವುದು ಬರೀ ಚೌಳು ಎಂದು ಅವರು ನಾಲಿಗೆಯಲ್ಲೇ ಹೇಳಬಲ್ಲವರಾಗಿರಬೇಕು. ಕ್ಯಾಲಿಫೋರ್ನಿಯಾದ ಕೈಪಿಡಿ ಬೇರೆ ಮಾಡಿದ ಎರಡು ಮಣ್ಣುಗಳನ್ನು ಬೇರೆ ಮಾಡದೆ ಈ ಕಸುಬು ನಡೆಯುವಂತೆಯೇ ಇರಲಿಲ್ಲ. ಉಪ್ಪಿನ ಮೇಲೆ ತೆರಿಗೆ ಹೇರಿದ್ದ ಬ್ರಿಟಿಷ್ ಸರ್ಕಾರಕ್ಕೆ ಇಂಥ ಮಣ್ಣುಪ್ಪು ಕಣ್ಣಿನ ಕಸ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಸೀಮೆಯಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಅಡಗಿಸಲಾಯಿತು. ಉಪ್ಪಾರರು ಮಣ್ಣು ಬಿಡಲಿಲ್ಲ. ಕೆರೆ ತೋಡುವ, ಗೋಡೆ ಕಟ್ಟುವ ಕೆಲಸಕ್ಕೆ ತಿರುಗಿದರು. ರಸ ಹಿಂಡಿ ಎಸೆದ ಮಣ್ಣಿನ ದಿಬ್ಬಗಳು ಊರ ಹೊರಗೆ ಉಳಿದವು. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಕನ್ನಡಿಗರು ಉಪ್ಪಿನ ಕಾಯಿದೆ ಮುರಿದದ್ದು ಪಠ್ಯಪುಸ್ತಕಗಳಲ್ಲಿದೆ. ಒಳನಾಡಿನ ಈ ಉಪ್ಪಿಗೆ ಆ ಭಾಗ್ಯ ಬರಲಿಲ್ಲ.

ಚೌಳಿನಿಂದ ಹುಟ್ಟಿದ್ದರಲ್ಲೆಲ್ಲ ಚೆಂದದ್ದು ಮಾತ್ರ ಗಾಜಿನ ಬಳೆ. ಕುಕ್ ಟೌನಿನಿಂದ ಶಿವಾಜಿನಗರಕ್ಕೆ ಬಂದು ಬಳೆ ಅಂಗಡಿಯಲ್ಲಿ ವಿಚಾರಿಸಿದರೆ ಸರಕು ಉತ್ತರ ಪ್ರದೇಶದ ಫಿರೋಜಾಬಾದಿನದು ಎನ್ನುತ್ತಾರೆ. ಇನ್ನೂರು ವರ್ಷಗಳ ಹಿಂದೆ ಕೇಳಿದ್ದರೆ ಮತ್ತೋಡಿನ ಹೆಸರು ಬರುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಪಾಳೆಯಗಾರರ ನೆಲೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕನನ್ ಮುಂದಿನ ವರ್ಷ ಇಲ್ಲಿಗೂ ಬಂದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮತ್ತೋಡಿನ ಬಳೆಯ ಕುಲುಮೆಗಳ ವಿವರವಿದೆ. ಅಲ್ಲಿನವರ ಬಾಯಿಂದ ಕೇಳಿದ ಸೌಳು ಎಂಬ ಕನ್ನಡ ಮಾತನ್ನೇ ಅವನು ತನ್ನ ಇಂಗ್ಲಿಷಿನಲ್ಲಿ ಬಳಸಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಅಲ್ಲಿ ಆಗುತ್ತಿತ್ತು.

ಗಾಜೆಂದರೆ ಕರಗಿಸಿ ಆರಿಸಿದ ಬೆಣಚುಕಲ್ಲು. ಬರೀ ಬೆಣಚು ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಸೌದೆಯ ಕುಲುಮೆಗೆ ಅದು ಆಗದ ಮಾತು. ಕಲ್ಲಿನ ಪುಡಿಗೆ ಸೋಡಾ ಬೆರೆಸಿದರೆ ಸಾವಿರ ಡಿಗ್ರಿಯ ಆಜುಬಾಜಿನಲ್ಲೇ ಅದು ಮೆತ್ತಗಾಗುತ್ತದೆ. ಗುಡ್ಡದಿಂದ ಬೆಣಚು, ಹಳ್ಳದ ದಂಡೆಯಿಂದ ಚೌಳು, ಕಾಡಿನಿಂದ ಸೌದೆ, ಬಣ್ಣಕ್ಕೆ ಕಬ್ಬಿಣದ ಅದಿರು, ತಾಮ್ರ. ಬೆಣಚನ್ನು ಬೆಂಕಿಗೊಡ್ಡಿ ಕುಟ್ಟಿ ಪುಡಿ ಮಾಡಬೇಕು, ಚೌಳನ್ನು ನೀರಿನಲ್ಲಿ ಕದಡಿ ಜೇಡಿ ಬೇರ್ಪಡಿಸಿ ರಸವನ್ನು ಮಾತ್ರ ಆರಿಸಿಕೊಳ್ಳಬೇಕು. ಕರಗಿದ ಗಾಜಿನ ಉಂಡೆಯನ್ನು ಕಬ್ಬಿಣದ ಸಲಾಕೆಯ ತುದಿಯಲ್ಲಿ ಎತ್ತಿ, ತೂತು ಮಾಡಿ, ಶಂಕುವಿನಾಕಾರದ ಅಚ್ಚಿನ ಮೇಲೆ ಗರಗರ ತಿರುಗಿಸುತ್ತ ಹಿಗ್ಗಿಸಿದರೆ ಬಳೆ. ಬೆಸುಗೆಯ ಗುರುತೂ ಇರದು.

ಈ ಹಳೆಯ ಗಾಜಿನ ವಂಶಾವಳಿಯನ್ನು ಇತ್ತೀಚಿನ ರಸಾಯನಶಾಸ್ತ್ರ ಬಿಡಿಸಿದೆ. ಈಜಿಪ್ಟಿನ ನಾಟ್ರನ್ ಕಣಿವೆಯ ಸೋಡಾದಿಂದ ರೋಮನ್ನರು ಮಾಡಿದ ಗಾಜಿನಲ್ಲಿ ಅಲ್ಯೂಮಿನಾ ಕಡಿಮೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಪ್ರಾಚೀನ ಗಾಜಿನ ಒಂದು ದೊಡ್ಡ ವರ್ಗದಲ್ಲಿ ಸೋಡಾದ ಜೊತೆ ಅಲ್ಯೂಮಿನಾ ಧಾರಾಳ. ನಮ್ಮ ಕಲ್ಲು ಕೊಳೆತು ಆದ ಮರಳಿನಲ್ಲಿ ಫೆಲ್ಡ್‌ಸ್ಪಾರ್ ಇರುವುದೂ, ಚೌಳಿನ ಸೋಡಾದ ಜೊತೆ ಜೇಡಿ ಬೆರೆತಿರುವುದೂ ಇದಕ್ಕೆ ಕಾರಣ. ಪಾಂಡಿಚೇರಿ ಬಳಿಯ ಅರಿಕಮೇಡಿನಂಥ ನೆಲೆಗಳಿಂದ ಈ ಬಗೆಯ ಗಾಜಿನ ಸಣ್ಣ ಮಣಿಗಳು ಆಗ್ನೇಯ ಏಷ್ಯಾಕ್ಕೆ ಹೋದವು. ಭಾರತದ ಗಾಜುಮಣಿಗಳು ಆಫ್ರಿಕಾದ ದಕ್ಷಿಣ ಭಾಗದ ಹಳೆಯ ನೆಲೆಗಳಲ್ಲೂ ಸಿಕ್ಕಿವೆ. ಕರ್ನಾಟಕದಲ್ಲಿ ಬ್ರಹ್ಮಗಿರಿ, ಮಸ್ಕಿಯ ಉತ್ಖನನಗಳಲ್ಲಿ ಗಾಜಿನ ಮಣಿಗಳು ದೊರೆತಿವೆ. ಕಂದಾಯದವರು ಖರಾಬು ಎಂದು ಬರೆದ ನೆಲದ ಬಿಳಿಪುಡಿಗೆ ಒಂದು ಕಾಲಕ್ಕೆ ಕಡಲಾಚೆಯ ಮಾರುಕಟ್ಟೆ ಇತ್ತು.

ಅದನ್ನು ಮುಗಿಸಿದ್ದು ದೂರದ ಕಾರ್ಖಾನೆ. ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ, ಬೆಲ್ಜಿಯಂನ ಸಾಲ್ವೇ 1861ರಲ್ಲಿ ಅಡುಗೆ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನಗಳಿಗೆ ಹಕ್ಕು ಪಡೆದರು. ಅದರಿಂದ ಹುಟ್ಟಿದ ಅಗ್ಗದ ಗಾಜು ಯುರೋಪಿನ ಬಳೆಯಾಗಿ ಹಡಗು, ರೈಲು ಹತ್ತಿ ನಮ್ಮ ಜಾತ್ರೆಗಳಿಗೆ ಬಂತು. ಮತ್ತೋಡಿನ ಕುಲುಮೆಗಳು ತಣ್ಣಗಾದವು. ಫಿರೋಜಾಬಾದ್ ಮಾತ್ರ ಕಾರ್ಖಾನೆಯ ಸೋಡಾಕ್ಕೆ ಒಗ್ಗಿಕೊಂಡು ಬದುಕಿತು.

ಚೌಳು ಮಾತ್ರ ಕಡಿಮೆಯಾಗಲಿಲ್ಲ. ಬಳಸುವವರು ಇಲ್ಲವಾಗುತ್ತಿದ್ದ ಕಾಲಕ್ಕೇ ಅದು ಹೊಸ ಜಾಗಗಳಲ್ಲಿ ಕಾಣಿಸಿಕೊಂಡಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದಾಗ ಅದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಿದ ನೀರು. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು. ನೀರು ಎದುರಿಗಿದ್ದಾಗ ಭತ್ತ ಬೇಡ ಎನ್ನುವವರು ಯಾರು? ಅಂತರ್ಜಲ ಮೇಲೇರಿತು. ಎರೆನೆಲದಲ್ಲಿ ಸಾವಿರಾರು ವರ್ಷಗಳಿಂದ ಹಳ್ಳದ ದಂಡೆಗಷ್ಟೇ ಸೀಮಿತವಾಗಿದ್ದ ಕೆಲಸ ಹೊಲಹೊಲದಲ್ಲೂ ನಡೆಯತೊಡಗಿತು. ಸವಳು-ಜವಳು ಎಂಬ ಜೋಡಿಮಾತು ಅಲ್ಲಿನ ರೈತರ ನಿತ್ಯದ ಗೋಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಇದರ ಬೆನ್ನು ಹತ್ತಿದೆ.

ಬರೀ ಉಪ್ಪಿನ ಮಣ್ಣಾದರೆ ಬಸಿಗಾಲುವೆ ತೋಡಿ ಸಿಹಿನೀರು ಹಾಯಿಸಿ ತೊಳೆಯಬಹುದು. ಸೋಡಿಯಂ ಹಿಡಿದ ಮಣ್ಣಿಗೆ ಅಷ್ಟೇ ಮಾಡಿದರೆ ರೋಗ ಉಲ್ಬಣಿಸುತ್ತದೆ: ಉಪ್ಪು ಕೊಚ್ಚಿಹೋಗಿ ಸೋಡಿಯಂ ಉಳಿಯುತ್ತದೆ, ಜೇಡಿ ಮತ್ತಷ್ಟು ಚೆದುರಿ ನೆಲ ಬಾಯಿ ಮುಚ್ಚುತ್ತದೆ. ಮೊದಲು ಕ್ಯಾಲ್ಸಿಯಂ ಕೊಟ್ಟು ಸೋಡಿಯಂ ಅನ್ನು ಜೇಡಿಯಿಂದ ಬಿಡಿಸಬೇಕು, ಆಮೇಲೆ ತೊಳೆಯಬೇಕು. ಅದಕ್ಕೆ ಜಿಪ್ಸಂ. ಬಗ್ಗಡದ ಲೋಟಕ್ಕೆ ಒಂದು ಚಿಟಿಕೆ ಜಿಪ್ಸಂ ಹಾಕಿ ಕಲಕಿ ಇಟ್ಟರೆ ಮೋಡ ಗಂಟುಗಟ್ಟಿ ತಳಕ್ಕಿಳಿಯುವುದನ್ನು ಕಣ್ಣಾರೆ ನೋಡಬಹುದು. ಹಿಂದಿನವರು ಜಿಪ್ಸಂ ಇಲ್ಲದೆ ಕೆರೆಗೋಡು, ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ತುಂಬಿ ವರ್ಷಾನುಗಟ್ಟಲೆ ಕಾಯುತ್ತಿದ್ದರು. ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲ ನೆಲದ ಸುಣ್ಣವನ್ನೇ ಕರಗಿಸಿ ಜೇಡಿಗೆ ಒದಗಿಸುತ್ತದೆ. ಅದೇ ಹಳ್ಳದ ದಂಡೆಯಲ್ಲಿ, ಅಗೆದರೆ ಸಿಗುವ ಆ ಸುಣ್ಣದ ಹರಳುಗಳಲ್ಲಿ, ಔಷಧಿ ರೋಗದ ಜೊತೆಯಲ್ಲೇ ಹೂತಿತ್ತು.

ಚಳ್ಳಕೆರೆ, ಹಿರಿಯೂರಿನ ಒಣಹಳ್ಳಗಳ ದಂಡೆಯಲ್ಲಿ ಈಗ ಬಳ್ಳಾರಿ ಜಾಲಿ ಬೆಳೆದಿದೆ. ಹೊರಗಿನಿಂದ ಬಂದ ಈ ಮುಳ್ಳುಗಿಡಕ್ಕೆ ಚೌಳಿನ ಹಂಗಿಲ್ಲ. ಅದರ ಸಂದಿನಲ್ಲಿ ಚೈತ್ರ ವೈಶಾಖದ ಬಿಸಿಲಿಗೆ ಬಿಳಿಪುಡಿ ಈಗಲೂ ಅರಳುತ್ತದೆ. ಊರಿನಲ್ಲಿ ಮಾಳಿಗೆಗಳು ಒಂದೊಂದಾಗಿ ಆರ್‌ಸಿಸಿ ಆಗುತ್ತಿವೆ. ಉಳಿದ ಹಳೆಯ ಮನೆಗಳವರು ಮುಂಗಾರಿಗೆ ಮುಂಚೆ ಬುಟ್ಟಿ ಸಲಿಕೆ ಹಿಡಿದು ಹಳ್ಳಕ್ಕೆ ಹೋಗಬೇಕು. ಹೋಗಲು ಕೈಕಾಲು ಗಟ್ಟಿಯಿಲ್ಲದವರು ಮಾಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕು ಕಲ್ಲು ಇಡುತ್ತಾರೆ.